ಪಾಲಾಕ್ಷಪ್ಪನ ಸೆಮಿ ಆಟೋಮೆಟಿಕ್

ಬಡ್ತಿಯ ಅರ್ಜಿಯಲ್ಲಿ ಹದಿನಾಲ್ಕನೆಯ ಕಲಂ ಒಂದು ಇರದೇ ಹೋಗಿದ್ದರೆ ಪಾಲಾಕ್ಷಪ್ಪ ಇವತ್ತಿಗೂ ಕೊಟ್ಟೂರಿನ ಆ ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ರಿಜಿಸ್ಟರು ಬರೆಯುತ್ತ ನೆಮ್ಮದಿಯಾಗಿ ಇರುತ್ತಿದ್ದ. ಹದಿನಾಲ್ಕನೆಯ ಕಲಂ 'ಹವ್ಯಾಸ' ಎಂದು ಕೇಳಿತ್ತು. ಖಾಲಿ ಬಿಟ್ಟರೆ ಸೂಪರಿಂಟೆಂಡೆಂಟ್ ಹುದ್ದೆ ಎಲ್ಲಿ ಕೈತಪ್ಪುತ್ತದೋ ಎಂದು ಹೆದರಿ, ಅವನು 'ಶೂಟಿಂಗ್' ಎಂದು ಬರೆದುಬಿಟ್ಟ.

ಬರೆದದ್ದು ಸುಳ್ಳಲ್ಲ. ನೌಕರಿ ಸಿಗುವ ಮುಂಚೆ ಎಂಟು ವರ್ಷ ಅವನು ವಿಡಿಯೊ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹಡಗಲಿಯಿಂದ ಕೂಡ್ಲಿಗಿಯ ತನಕ ಮದುವೆ ಶೂಟಿಂಗ್ ಮಾಡಿದವನು. ಆದರೆ ಸಂದರ್ಶನಕ್ಕೆ ಕೂತಿದ್ದ ಕಾಲೇಜಿನ ಸೆಕ್ರೆಟರಿ ಗುರುಬಸವರಾಜರಿಗೆ ಮದುವೆ ನೆನಪಾಗಲಿಲ್ಲ.

"ಶೂಟಿಂಗ್ ಮಾಡ್ತೀರಿ? ಭಾಳ ಚಲೋ. ಕೈ ನಡಗಂಗಿಲ್ಲೇನ್ರಿ?"

"ಇಲ್ರಿ ಸಾರ್, ಸ್ಟ್ಯಾಂಡಿನ ಮ್ಯಾಲಿಟ್ಕಂತೀನ್ರಿ."

"ಮಿಸ್ ಆಗಿದ್ದು ಐತೇನು?"

"ಒಂದೂ ಇಲ್ರಿ. ಆ ಟೈಮು ತಪ್ಪಿದ್ರ ಮತ್ತ ಸಿಗಂಗಿಲ್ಲಲ್ರಿ."

ಇಂಥ ಗುಂಡಿಗೆಯ ಮನುಷ್ಯ ಇಷ್ಟು ವರ್ಷ ಗುಮಾಸ್ತನಾಗಿ ಕೊಳೆತನಲ್ಲ ಎಂದು ಗುರುಬಸವರಾಜರು ತಲೆದೂಗಿದರು. ಅವರ ಕಣ್ಣಲ್ಲಿ ಮಿಂಚಿದ ಮೆಚ್ಚುಗೆಗೆ ಕಾರಣವೇನೆಂದು ಪಾಲಾಕ್ಷಪ್ಪನಿಗೆ ತಿಳಿದದ್ದು ಒಂದು ತಿಂಗಳ ಮೇಲೆ, ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ.

ಫೋನು ಬಂತು. "ಪಾಲಾಕ್ಷಪ್ಪ, ಕಾಲೇಜಿನ ಹಿಂದ ಶೂಟಿಂಗ್ ರೇಂಜ್ ಮಾಡಾಕ ಕಮಿಟಿ ಒಪ್ಪೇತಿ. ರೇಂಜಿಗೆ ಒಂದು ರೈಫಲ್ ಬೇಕು. ಯಾವುದು ಅಂತ ನೀವ ಆರಿಸಿ, ಸಂಜಿ ನಾಕಕ್ಕ ಮೀಟಿಂಗಿನ್ಯಾಗ ಹೇಳ್ರಿ. ಮೂರು ಮಾತು ನೆನಪಿರ್ಲಿ. ರೇಟು ಕಡಿಮಿ ಇರ್ಬೇಕು, ಕೆಡಬಾರದು, ಸೆಮಿ ಆಟೋಮೆಟಿಕ್ ಆಗಿರ್ಬೇಕು. ಒತ್ತಿದಂಗೆಲ್ಲ ಒಂದೊಂದು ಗುಂಡು ಹಾರ್ಬೇಕು. ಪ್ರತಿ ಸಲ ತುಂಬ್ಕೋತ ಕುಂತ್ರ ಬಂದ ಗೆಸ್ಟು ಎದ್ದು ಹೋಗ್ತಾರ. ಉದ್ಘಾಟನೆ ದಿವಸ ಮೊದಲನೇ ಗುಂಡು ನಿಮ್ದ. ಅವತ್ತ ನಿಮ್ಮ ಬಡ್ತಿ ಆರ್ಡರಿಗೆ ಸೈನ್ ಹಾಕ್ತೀನಿ."

ಪಾಲಾಕ್ಷ ಎಂದರೆ ಹಣೆಯಲ್ಲಿ ಬೆಂಕಿಗಣ್ಣುಳ್ಳ ಶಿವ. ನಮ್ಮ ಪಾಲಾಕ್ಷಪ್ಪನಿಗೆ ಇದ್ದದ್ದು ಎರಡೇ ಕಣ್ಣು, ಅವೂ ಬಲೂನು ಒಡೆದರೆ ಮುಚ್ಚಿಕೊಳ್ಳುತ್ತಿದ್ದವು. ದೀಪಾವಳಿಯ ಮೂರೂ ದಿನ ಅವನು ಕಿವಿಗೆ ಹತ್ತಿಯಿಟ್ಟು ದೇವರ ಕೋಣೆಯಲ್ಲಿ ಕೂಡುವವನು. ಈಗ ನಿಜ ಹೇಳಿದರೆ ಸುಳ್ಳು ಅರ್ಜಿ ಕೊಟ್ಟವನೆಂದು ಹುದ್ದೆ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಹೇಳದಿದ್ದರೆ ಊರ ಮುಂದೆ ಗುಂಡು ಹಾರಿಸಬೇಕು.

ನೆನಪಾದವನು ಹರಪನಹಳ್ಳಿಯ ಬೀರಲಿಂಗೇಶ್. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು, ಅವನ ಮದುವೆಯ ಶೂಟಿಂಗ್ ಮಾಡಿದ್ದು ಪಾಲಾಕ್ಷಪ್ಪನೇ. ಮಾಳಿಗೆ ಹತ್ತಿ ಮೂಲೆಯಲ್ಲಿ ನಿಂತು ಅವನಿಗೆ ಫೋನು ಹಚ್ಚಿದ. ಕತ್ತಲಾದ ಮೇಲೆ ಹಾವಿನ ಹೆಸರೆತ್ತದೆ ಹುಳ ಎನ್ನುವ ಮನೆಯಲ್ಲಿ ಬೆಳೆದವನು ಪಾಲಾಕ್ಷಪ್ಪ. ರೈಫಲ್ ಎಂಬ ಶಬ್ದವೂ ಬಾಯಿಗೆ ಬರಲಿಲ್ಲ.

"ಬೀರಲಿಂಗೇಶಪ್ಪ, ಅದು... ಅದೊಂದು ತಗೋಬೇಕಾಗೇತಿ. ಸೆಮಿ ಆಟೋಮೆಟಿಕ್. ಕಡಿಮಿ ರೇಟಿಂದು, ಕೆಡಬಾರದು. ಮನ್ಯಾಗ ಇನ್ನೂ ಹೇಳಿಲ್ಲ."

"ಫೋನಲ್ಲಿ ಆಗೋ ಮಾತಲ್ಲ ಅಣ್ಣ, ಮಧ್ಯಾಹ್ನ ಇಲ್ಲಿಗೇ ಬಾ," ಎಂದ ಬೀರಲಿಂಗೇಶ್.

ಫೋನು ಇಟ್ಟು ತಿರುಗಿದರೆ, ಒಣಹಾಕಿದ ದುಪ್ಪಟಿಯ ಮರೆಯಿಂದ ಹೆಂಡತಿ ಪುಷ್ಪಲತಾ ಹೊರಬಂದಳು. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದಳು.

"ಕೇಳಿಸ್ತೇನು?" ಎಂದ ಪಾಲಾಕ್ಷಪ್ಪ.

"ಕೇಳಿಸ್ತು." ಅವಳು ಕ್ಲಿಪ್ಪು ತೆಗೆದು ನಕ್ಕಳು. "ಅಂತೂ ನಾನು ದಿನಾ ಬಡ್ಕೊಂಡು ಬಡ್ಕೊಂಡು ಸಾಯೋದು ನಿಮ್ಮ ಕಣ್ಣಿಗೆ ಬಿತ್ತಲ್ಲ."

ಬಡ್ತಿ ಬಡ್ತಿ ಎಂದು ಅವಳು ಬಡಕೊಂಡದ್ದು ನಿಜವೇ ಆದ್ದರಿಂದ ಪಾಲಾಕ್ಷಪ್ಪ ತಲೆಯಾಡಿಸಿದ. "ಮಂದಿ ಮುಂದ ಹೇಳಬ್ಯಾಡ ಮತ್ತ," ಎಂದ.

"ನಾನ್ಯಾಕ ಹೇಳ್ಲಿ?" ಎಂದಳು ಪುಷ್ಪಲತಾ, ಮತ್ತು ಆ ಕ್ಷಣದಲ್ಲಿ ಹೇಳಬಾರದೆಂದೇ ಅಂದುಕೊಂಡಿದ್ದಳು.

ಅವತ್ತು ಮಂಡಕ್ಕಿ ಒಗ್ಗರಣಿಯ ಜೊತೆ ಅವನಿಗೆ ಮೂರು ಮಿರ್ಚಿ ಭಜಿ ಹೆಚ್ಚಿಗೆ ಬಿದ್ದವು. ಹೆಂಡತಿ ಅಷ್ಟು ಪ್ರೀತಿಯಿಂದ ಬಡಿಸಿದ್ದು ನೋಡಿ ಅವನಿಗೆ ಮತ್ತಷ್ಟು ಹೆದರಿಕೆಯಾಯಿತು. ಬಂದೂಕಿನ ಸುದ್ದಿ ಕೇಳಿ ಹಿಗ್ಗುವ ಹೆಣ್ಣಿನ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದೆನಲ್ಲ ಎನಿಸಿತು. ಕೊನೆಯ ಮಿರ್ಚಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರೆ ಪಕ್ಕದ ಮನೆಯ ಕೊಟ್ರಬಸಮ್ಮ ಕಾಂಪೌಂಡಿನ ಮೇಲೆ ಮೊಣಕೈಯೂರಿ ನಿಂತಿದ್ದಳು. ಇವಳ ಗಂಡ ಅರುಣಕುಮಾರ್ ಪೊಲೀಸ್ ಪೇದೆ.

"ಪಾಲಾಕ್ಷಣ್ಣ, ಸೆಮಿ ಆಟೋಮೆಟಿಕ್ ಅಂತಲ್ಲ! ಚಲೋ ಮಾಡಿದ್ರಿ ಬಿಡ್ರಿ."

ಮಿರ್ಚಿ ಕೆಳಗೆ ಬಿತ್ತು. "ನಿಮಗ್ಯಾರು ಹೇಳಿದ್ರು?"

"ಯಾರು ಹೇಳಿದ್ರೇನು. ನಮ್ಮನ್ಯಾಗ ತಂದು ಎರಡು ವರ್ಷ ಆತು. ಮೊದಮೊದಲು ಅಂಜಿಕಿ ಆಗೋದು. ಶುರು ಆತಂದ್ರ ನೆಲಾನ ನಡಗ್ತಿತ್ತು. ಈಗ ರೂಢಿ ಆಗೇತಿ."

"ನಿಮ್ಮನ್ಯಾಗ... ಅದನ್ನ ಯಾರು ನಡಸ್ತಾರ್ರಿ?"

"ನಾನ! ಅವರಿಗೆಲ್ಲಿ ಪುರಸೊತ್ತು? ಮೊದಲ ನಮ್ಮತ್ತೀದು ಹಾಕಿ ನೋಡಿದೆ. ಏನೂ ತ್ರಾಸಾಗ್ಲಿಲ್ಲ. ಮರುದಿವಸ ಮಾವಂದು. ಈಗೇನ್ರಿ, ಅರ್ಧ ತಾಸಿನ್ಯಾಗ ಮನಿಮಂದೀದೆಲ್ಲ ಮುಗಿಸಿ ಟಿವಿ ಮುಂದ ಕುಂತಿರ್ತೀನಿ."

ಕೊಟ್ರಬಸಮ್ಮನ ಅತ್ತೆ ಮಾವ ಉಜ್ಜಿನಿಗೆ, ಕಿರಿಯ ಮಗನ ಮನೆಗೆ ಹೋಗಿದ್ದಾರೆಂದು ಅವಳೇ ಓಣಿಗೆಲ್ಲ ಹೇಳಿದ್ದಳು. ಅವರು ಬಸ್ಸು ಹತ್ತಿದ್ದನ್ನು ಕಂಡವರು ಯಾರು ಎಂದು ಪಾಲಾಕ್ಷಪ್ಪ ಯೋಚಿಸಿದ. ಒಬ್ಬರೂ ನೆನಪಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಲ್ಲಿಂದ ಬಸ್‌ಸ್ಟ್ಯಾಂಡಿನ ಕಡೆ ಹೆಚ್ಚುಕಡಿಮೆ ಓಡಿದ.

ಹರಪನಹಳ್ಳಿಯ ಬಸ್ಸಿಗೆ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಹೆಗಲ ಮೇಲೆ ಒಂದು ಭಾರದ ಕೈ ಬಿತ್ತು. "ಅಣ್ಣಾರ, ನಿಲ್ರಿ!"

ಖಾಕಿ ಯೂನಿಫಾರ್ಮಿನಲ್ಲಿ ಅರುಣಕುಮಾರ್. ಪಾಲಾಕ್ಷಪ್ಪ ಎರಡೂ ಕೈ ಮುಗಿದ. "ಅರುಣಪ್ಪ, ನಂದೇನೂ ತಪ್ಪಿಲ್ಲಪ್ಪ. ಇನ್ನೂ ತಗೊಂಡಿಲ್ಲ. ಬರೇ ವಿಚಾರ ಮಾಡಾಕ ಹೊಂಟೀನಿ."

"ತಪ್ಪು ಅಂತ ಯಾರಂದ್ರು? ಈಗ ನಮ್ಮನಿಯಾಕಿ ಫೋನ್ ಮಾಡಿ ಹೇಳಿದ್ಲು. ನನಗೊಂದು ಮಾತು ಕೇಳಬಾರದೇನು ಅಂತೀನಿ. ಸೆಕೆಂಡ್ ಹ್ಯಾಂಡ್ ಮಾತ್ರ ತಗೋಬ್ಯಾಡ್ರಿ, ನಡುನಡುವ ನಿಂತುಬಿಡ್ತಾವ. ನಮ್ಮದು ಹೊಸಾದ ತಂದಿದ್ದು." ಅರುಣಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದ. "ಏನರ ಆಗಿರ್ಲಿ ಅಣ್ಣಾರ, ರಕ್ತಾನ ಬಿದ್ದಿರ್ಲಿ, ಗುರುತು ಉಳಿಯಂಗಿಲ್ಲ. ನಾ ಪೊಲೀಸ್ ಹೇಳಾಕತ್ತೀನಿ."

ಬಸ್ಸಿನಲ್ಲಿ ಸೀಟು ಇದ್ದರೂ ಪಾಲಾಕ್ಷಪ್ಪ ಹರಪನಹಳ್ಳಿಯ ತನಕ ಕಂಬಿ ಹಿಡಿದು ನಿಂತೇ ಇದ್ದ. ಕೂತರೆ ಮತ್ತೆ ಏಳಲಾಗುವುದಿಲ್ಲವೇನೋ ಎಂಬ ಭಯ. ಅತ್ತೆ ಮಾವನನ್ನು ಮುಗಿಸಿದ ಹೆಂಡತಿ, ರಕ್ತದ ಗುರುತು ಅಳಿಸುವ ಗಂಡ, ಇಂಥವರ ಪಕ್ಕದಲ್ಲಿ ತಾನು ಇಷ್ಟು ದಿನ ಬಾಗಿಲು ತೆರೆದಿಟ್ಟು ಮಧ್ಯಾಹ್ನ ಮಲಗಿದೆನಲ್ಲ ಎಂದು ನೆನೆದು ಬೆವರಿದ. ಕಂಡಕ್ಟರು ಟಿಕೆಟ್ ಎಂದು ಕೂಗಿದಾಗಲೂ ಬೆಚ್ಚಿದ.

ಬೀರಲಿಂಗೇಶ್ ಹರಪನಹಳ್ಳಿಯ ಹೊರಗೆ ಒಂದು ಬಯಲಿನಲ್ಲಿ ಹುಡುಗರಿಗೆ ಸೈನ್ಯ ಸೇರುವ ತರಬೇತಿ ಕೊಡುತ್ತಿದ್ದ. ಪಾಲಾಕ್ಷಪ್ಪ ಹೇಳಿದ ಹದಿನಾಲ್ಕನೆಯ ಕಲಮಿನ ಕತೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಶೆಡ್ಡಿನಿಂದ ಒಂದು ಉದ್ದನೆಯ ಚೀಲ ತಂದು ಬಿಚ್ಚಿದ. "ಇದು ಏರ್ ರೈಫಲ್. ಮದ್ದಿಲ್ಲ, ಗಾಳಿ ಒತ್ತಡದ್ದು. ತಗಾ, ಆ ಡಬ್ಬಿಗೆ ಹೊಡಿ ನೋಡನ."

ಬೇಡ ಬೇಡ ಎಂದರೂ ಬಿಡಲಿಲ್ಲ. ಕೈಗೆ ಬಂದದ್ದೇ ತಡ, ಎಂಟು ವರ್ಷದ ರೂಢಿ ಪಾಲಾಕ್ಷಪ್ಪನ ಮೈಯಲ್ಲಿ ಎದ್ದಿತು. ರೈಫಲಿನ ಹಿಂಬದಿಯನ್ನು ಬೆನ್ನ ಹಿಂದಕ್ಕೆ ಬಿಟ್ಟು, ನಡುಭಾಗವನ್ನು ಹೆಗಲ ಮೇಲೆ ಹೊತ್ತು, ಒಂದು ಕಣ್ಣು ಕಿರಿದು ಮಾಡಿ, ಡಬ್ಬಿಯ ಕಡೆ ನೋಡುತ್ತ ಅವನು ಅಂದ: "ಸ್ವಲ್ಪ ನಗ್ರಿ... ಈ ಕಡಿ ನೋಡ್ರಿ..."

"ಅಣ್ಣ, ಇಳಿಸು! ಯಾರಿಗಾದ್ರೂ ಬಿದ್ದೀತು!" ಬೀರಲಿಂಗೇಶ್ ಹಾರಿ ಬಂದು ಕಿತ್ತುಕೊಂಡ. ಪಾಲಾಕ್ಷಪ್ಪ ನೆಲದ ಮೇಲೆ ಕೂತು ಅಳುವುದೊಂದು ಬಾಕಿ. "ನನ್ನ ಇದ್ರಿಂದ ಪಾರು ಮಾಡಪ್ಪ," ಎಂದ.

"ಪಾರಾಗಿಬಿಟ್ಟಿದ್ದಿ ಕಣಣ್ಣ. ಸೆಮಿ ಆಟೋಮೆಟಿಕ್ ರೈಫಲ್ ಅಂದ್ರೆ ಅಂಗಡಿಗೆ ಹೋಗಿ ತರೋ ಸಾಮಾನಲ್ಲ. ನಮ್ಮ ನಿಮ್ಮಂಥವರಿಗೆ ಅದು ಸಿಗೋದೇ ಇಲ್ಲ. ಕೇಂದ್ರ ಸರ್ಕಾರದ ಅನುಮತಿ ಆಗ್ಬೇಕು, ನಿಮ್ಮ ಕಾಲೇಜಿಗೆ ಯಾರು ಕೊಡ್ತಾರೆ? ಕಾನೂನು ಬಿಡಲ್ಲ ಅಂತ ಹೇಳು, ಮುಗೀತು. ಬೇಕಂದ್ರೆ ಇಂಥ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಾಗಿಲ್ಲ..."

"ಆ ಕಡೀ ಮಾತು ನಿನ್ನ ಹೊಟ್ಯಾಗ ಇರ್ಲಿ," ಎಂದು ಪಾಲಾಕ್ಷಪ್ಪ ಅವನ ಬಾಯಿ ಮುಚ್ಚಿದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ಹಸಿವಾಯಿತು. ಬೀರಲಿಂಗೇಶನ ಮನೆಯಲ್ಲಿ ಎರಡು ರೊಟ್ಟಿ ತಿಂದು, ವಾಪಸು ಬಸ್ಸಿನಲ್ಲಿ ಸೀಟು ಹಿಡಿದು ಕೂತ.

ನಾಲ್ಕು ಗಂಟೆಯ ಮೀಟಿಂಗಿನಲ್ಲಿ ಅವನ ಗತ್ತೇ ಬೇರೆ. ಎದ್ದು ನಿಂತು, ಮೇಜಿನ ಮೇಲೆ ಎರಡೂ ಕೈಯೂರಿ, "ಸಾರ್, ಸೆಮಿ ಆಟೋಮೆಟಿಕ್ ಬ್ಯಾಡ್ರಿ. ಕಾನೂನು ಬಿಡಂಗಿಲ್ಲ. ತಂದ್ರ ಕಮಿಟಿ ಕಮಿಟಿನ ಒಳಗ ಹೋಗ್ಬೇಕಾಗ್ತದ," ಎಂದ. ಒಳಗೆ ಹೋಗುವ ಮಾತಿಗೆ ಕಮಿಟಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಬೇಡವೇ ಬೇಡ ಎಂದರು.

"ಕಾನೂನೂ ಓದ್ಕೊಂಡು ಬಂದೀರಲ್ರಿ!" ಗುರುಬಸವರಾಜರು ಬೆರಗಾದರು. "ಯಾರು ಹೇಳಿದ್ದು?"

"ಹದಿನೇಳು ವರ್ಷ ಮಿಲಿಟರಿಯಾಗ ಇದ್ದೋರು ಸಾರ್. ತಗೋರ್ರಿ ನಂಬರು, ಬೇಕಾದ್ರ ನೀವ ಕೇಳ್ರಿ." ಗೆದ್ದ ಹುರುಪಿನಲ್ಲಿ ಪಾಲಾಕ್ಷಪ್ಪ ಬೀರಲಿಂಗೇಶನ ನಂಬರನ್ನು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ಬಡ್ತಿಯ ಆರ್ಡರು ಸೋಮವಾರ ನೋಡೋಣ ಎಂದರು ಸೆಕ್ರೆಟರಿ. ಹೋಗಲಿ, ಜೀವ ಉಳಿಯಿತಲ್ಲ ಎಂದು ಅವನು ಅರ್ಧ ಕೇಜಿ ಜಿಲೇಬಿ ಕಟ್ಟಿಸಿಕೊಂಡು ಮನೆಯ ಕಡೆ ನಡೆದ.

ಮನೆಯ ಮುಂದೆ ಜನ ಕಂಡರು. ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಹಿತ್ತಲಲ್ಲಿದ್ದ ಒಗೆಯುವ ಕಲ್ಲು ಯಾಕೋ ಓಣಿಯ ಚರಂಡಿಯ ಪಕ್ಕಕ್ಕೆ ಬಂದು ಬಿದ್ದಿತ್ತು. ರೇಷ್ಮೆ ಸೀರೆ ಉಟ್ಟ ಪುಷ್ಪಲತಾ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಕೊಟ್ರಬಸಮ್ಮ, ತೆಂಗಿನಕಾಯಿ ಹಿಡಿದ ಅರುಣಕುಮಾರ್, ಇನ್ನೂ ನಾಲ್ಕು ಮನೆಯ ಹೆಂಗಸರು.

"ಎಲ್ಲೈತ್ರಿ? ಗಾಡಿ ಹಿಂದ ಬರಾಕತ್ತೇತೇನು?" ಪುಷ್ಪಲತಾ ಅವನ ಬೆನ್ನ ಹಿಂದೆ ಇಣುಕಿದಳು.

ಪಾಲಾಕ್ಷಪ್ಪ ಎದೆಯುಬ್ಬಿಸಿದ. "ಬರಂಗಿಲ್ಲ! ಇನ್ನ ಯಾರೂ ಅಂಜಬ್ಯಾಡ್ರಿ. ಸೆಮಿ ಆಟೋಮೆಟಿಕ್ ನಮಗ ಬ್ಯಾಡಂದ್ರ ಬ್ಯಾಡ ಅಂತ ಕಮಿಟಿ ಮುಂದ ಎದಿ ತಟ್ಟಿ ಹೇಳಿ, ಕ್ಯಾನ್ಸಲ್ ಮಾಡ್ಸಿ ಬಂದೀನಿ. ಹಿಡೀರಿ ಜಿಲೇಬಿ."

ಯಾರೂ ಜಿಲೇಬಿಗೆ ಕೈ ಚಾಚಲಿಲ್ಲ. ಕೊಟ್ರಬಸಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅಲ್ಲಣ್ಣ, ವಾಷಿಂಗ್ ಮಷಿನ್ ತರಾಕ ಕಮಿಟಿ ಯಾಕ ಬೇಕು?"

ಪಾಲಾಕ್ಷಪ್ಪನ ಕಿವಿಯಲ್ಲಿ ಬೆಳಗಿನ ಮಾತುಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ನಡುಗುವ ನೆಲ. ಅತ್ತೆಯ ಸೀರೆ, ಮಾವನ ಧೋತರ. ಯೂನಿಫಾರ್ಮಿನ ಮೇಲಿನ ರಕ್ತದ ಕಲೆ. ದಿನಾ ಕಲ್ಲಿನ ಮುಂದೆ ಬಟ್ಟೆ ಬಡಿದು ಬಡಿದು ಸಾಯುವ ಹೆಂಡತಿ. ಬಾಗಿಲಿನಿಂದ ಹಿತ್ತಲು ಕಾಣುತ್ತಿತ್ತು. ಕಲ್ಲು ತೆಗೆದ ಜಾಗದಲ್ಲಿ ಮಣೆ ಹಾಕಿ, ಹೊಸ ನಲ್ಲಿ ಕೂಡಿಸಿ, ಪಕ್ಕದಲ್ಲೇ ಪ್ಲಗ್ಗು ಹಚ್ಚಿಸಿದ್ದಳು. ಹೊಸ ಮಷಿನ್ನಿಗೆ ಮೊದಲ ದಿನದ ಕೆಲಸವೆಂದು ಮನೆಯ ರಗ್ಗು, ಕೌದಿ, ಪರದೆ, ದಿಂಬಿನ ಚೀಲ ಎಲ್ಲ ಸೊಂಟದೆತ್ತರ ಗುಡ್ಡೆ ಹಾಕಿ, ನೀರಲ್ಲಿ ನೆನೆಸಿಯೂ ಆಗಿತ್ತು.

"ಪುಷ್ಪಾ, ನಾ ಹೇಳಿದ್ದು ಬಂದೂಕಿಂದು..." ಎಂದು ಅವನು ತೊದಲಿದ.

"ಬಂದೂಕು!" ಎಂದಳು ಪುಷ್ಪಲತಾ. ಆರತಿ ತಟ್ಟೆಯನ್ನು ಕೊಟ್ರಬಸಮ್ಮನ ಕೈಗಿತ್ತಳು. "ಇಲಿ ಬೋನು ಸಪ್ಪಳಾದ್ರ ಮಂಚ ಹತ್ತೋರು ನೀವು. ಸುಳ್ಳು ಹೇಳಿದ್ರ ಹೊಂದಿಸಿಯಾದ್ರೂ ಹೇಳ್ರಿ. ನಡೀರಿ, ಕಲ್ಲು ಒಳಗ ತರ್ರಿ."

ಅರುಣಕುಮಾರ್ ಒಂದು ಕಡೆ ಹಿಡಿದ. ಕಲ್ಲು ಮತ್ತೆ ಹಿತ್ತಲಿಗೆ ಬಂದು ಕೂತಿತು. ಪಾಲಾಕ್ಷಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ, ನೆನೆದು ಕರುವಿನಷ್ಟು ಭಾರವಾಗಿದ್ದ ರಗ್ಗನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿಗೆ ಬಡಿದ. ಧಬ್! ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮತ್ತೆ ಧಬ್! ಪ್ರತಿ ಏಟಿಗೂ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಹೆಂಡತಿ ಕಟ್ಟೆಯ ಮೇಲೆ ಕೂತು ಜಿಲೇಬಿ ತಿನ್ನುತ್ತ ಎಣಿಸುತ್ತಿದ್ದಳು.

ಐದನೆಯ ಏಟಿನ ಹೊತ್ತಿಗೆ ಫೋನು ಬಂತು. ಒದ್ದೆ ಕೈಯಿಂದಲೇ ಸ್ಪೀಕರು ಒತ್ತಿದ. ಗುರುಬಸವರಾಜರ ದನಿ ಹಿತ್ತಲಲ್ಲೆಲ್ಲ ಮೊಳಗಿತು.

"ಪಾಲಾಕ್ಷಪ್ಪ, ನಿಮ್ಮ ಮಿಲಿಟರಿಯೋರಿಗೆ ಫೋನ್ ಹಚ್ಚಿದ್ದೆ. ಎಂಥಾ ಒಳ್ಳೇ ಮನುಷ್ಯ! ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಾಗಿಲ್ಲಂತ. ಕಡಿಮಿ ರೇಟು, ಕೆಡಂಗಿಲ್ಲ. ಸೋಮವಾರ ಮುಂಜಾನಿ ತಮ್ಮದನ್ನ ತರ್ತಾರಂತ. ಸೆಮಿ ಆಟೋಮೆಟಿಕ್ ಅಲ್ಲ, ಒಂದೊಂದ ತುಂಬಿ ಹೊಡೀಬೇಕು, ಅಷ್ಟ. ಮೊದಲನೇದು ನಿಮ್ದ!"

ಪಾಲಾಕ್ಷಪ್ಪನ ಕೈಯಿಂದ ರಗ್ಗು ಜಾರಿ ಕಲ್ಲಿನ ಮೇಲೆ ಬಿತ್ತು. ಧಬ್!

"ಅದೇನ್ರಿ ಸಪ್ಪಳ? ಈಗ್ಲೇ ಪ್ರಾಕ್ಟೀಸು ಶುರು ಮಾಡೀರೇನು?"

ಪಾಲಾಕ್ಷಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕೌದಿಯನ್ನು ಬಕೆಟ್ಟಿನಿಂದ ತೆಗೆದು ಸಿದ್ಧವಾಗಿ ಹಿಡಿದಿದ್ದಳು.

"ಹೂಂ ರಿ ಸಾರ್," ಎಂದ ಅವನು, "ಶುರು ಆಗೇತ್ರಿ."