ನಾಲ್ಕು ಕಾರ್ಯಕ್ರಮ, ನಾಲ್ಕೂ ಸೋಮವಾರ

ಶಾಸನಗಳ ಕಾಲನಿರ್ಣಯದಲ್ಲಿಯೇ ತಲೆ ನರೆಸಿಕೊಂಡವನಿಗೆ ಗ್ರಂಥಾಲಯದ ನಾಲ್ಕು ಕಾರ್ಯಕ್ರಮಗಳಿಗೆ ದಿನ ಗೊತ್ತುಮಾಡುವುದು ಎಷ್ಟರ ಕೆಲಸ? 'ಬಹುಳ ತದಿಗೆ, ಆದಿವಾರ' ಎಂದು ಕಲ್ಲು ಹೇಳಿದರೆ, ಆ ತದಿಗೆ ನಿಜವಾಗಿಯೂ ಆದಿವಾರವೇ ಬಿದ್ದಿತ್ತೇ ಎಂದು ಗಣಿತ ಮಾಡಿ ನೋಡುವವನು ನಾನು. ಕಲ್ಲನ್ನೇ ನಂಬದವನು!

ಆದ್ದರಿಂದ ನಮ್ಮೂರ ಸಣ್ಣ ಗ್ರಂಥಾಲಯವನ್ನು ಒಬ್ಬಳೇ ನಡೆಸುವ ಕಸ್ತೂರಿ ನನ್ನ ಬಳಿ ಬಂದದ್ದು ಸಹಜವೇ ಆಗಿತ್ತು.

"ಸರ್, ಬರೂ ತಿಂಗಳದ ಕಾರ್ಯಕ್ರಮಕ್ಕ ತಿಥಿ-ವಾರ ನೀವ ನೋಡಿ ಪಟ್ಟಿ ಮಾಡಿಬಿಡ್ರಿ. ಮೊದಲನೇದು ಮಾತ್ರ ಗಿರಿಜವ್ವಂದ ಇರ್ಲಿ. ಭಾಳ ಆಸೆ ಇಟ್ಕೊಂಡಾಳ."

ಗಿರಿಜವ್ವ ಅಬ್ಬಿಗೇರಿಯ ಕೂಲಿ ಹೆಣ್ಣುಮಗಳು. ಐವತ್ತು ದಾಟಿದ ಮೇಲೆ, ಸಂತೆಗೆ ಬಂದಾಗಲೆಲ್ಲ ಕಸ್ತೂರಿಯ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವಳು. ಆದರೆ ಅವಳ ನಾದಿನಿ ಯಲ್ಲವ್ವ, "ನಮ್ಮ ವೈನಿ ಓದೂದೆಲ್ಲ ಸುಳ್ಳ, ಬಾಯಿಪಾಠ ಮಾಡ್ಯಾಳ" ಎಂದು ಇಡೀ ಓಣಿಗೆ ಸಾರಿದ್ದಳು. ಅದಕ್ಕಾಗಿ ಗಿರಿಜವ್ವ ಗ್ರಂಥಾಲಯದ ಕಥೆಪುಸ್ತಕವೊಂದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ತೋರಿಸಬೇಕೆಂದು ಹಟ ಹಿಡಿದಿದ್ದಳು.

ನಾನು ಪಂಚಾಂಗ, ಬಸ್ಸಿನ ವೇಳಾಪಟ್ಟಿ, ಸಂತೆಗಳ ಯಾದಿ ಹರವಿಕೊಂಡು ಕುಳಿತೆ. ಎರಡು ದಿನಗಳನ್ನು ನಮ್ಮೂರ ಹಾಗೂ ಗಜೇಂದ್ರಗಡದ ಸಂತೆಗಳು ನುಂಗಿದವು. ಒಂದು ದಿನ ಸ್ವಸಹಾಯ ಸಂಘದ ಸಭೆ. ಶುಕ್ರವಾರ ಮನೆ ಸಾರಿಸುವ ದಿನ, ಶನಿವಾರ ಹನುಮಪ್ಪನ ವಾರ, ರವಿವಾರ ಮದುವೆಗಳ ವಾರ. ಉಳಿದದ್ದು ಸೋಮವಾರ! ಸೋಮವಾರವೆಂದರೆ ಬಸವಣ್ಣನ ದಿನ. ಎರೆಮಣ್ಣಿನ ಹೊಲದ ಒಕ್ಕಲಿಗ ಅಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಎತ್ತು ನಿಂತರೆ ಕೂಲಿ ನಿಂತಿತು, ಕೂಲಿ ನಿಂತರೆ ಓದಿಗೆ ಬಿಡುವಾಯಿತು! ನಾಲ್ಕೂ ಕಾರ್ಯಕ್ರಮಗಳನ್ನು ನಾಲ್ಕು ಸೋಮವಾರಗಳಿಗೆ ಹಂಚಿದೆ. ರಾಹುಕಾಲದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ತಪ್ಪಿಸಿದೆ.

ನನ್ನ ಪತ್ನಿ ಸುಶೀಲಾ ರೊಟ್ಟಿ ಬಡಿಯುತ್ತ ಕೇಳಿದಳು: "ಈಗ ಎಲ್ಲಾರೂ ಟ್ರ್ಯಾಕ್ಟರ್ ಹೊಡೀತಾರ. ಅದಕ್ಕೂ ಸೋಮಾರ ಸೂಟಿ ಐತೇನ್ರೀ?"

"ಇದು ಪರಂಪರಾದ ವಿಷಯ. ನಿನಗ ತಿಳಿಯಂಗಿಲ್ಲ."

"ಆತು. ಆ ಕಸ್ತೂರೀನ್ನರ ಒಂದು ಮಾತು ಕೇಳ್ರಿ."

"ಮೂಲ ಆಕರಗಳನ್ನ ನೋಡೀನಿ. ಇನ್ನ ಯಾರನ್ನ ಕೇಳೂದು?"

ಅಬ್ಬಿಗೇರಿಗೆ ಬಸ್ ಕಂಡಕ್ಟರನ ಮೂಲಕ ಸುದ್ದಿ ಕಳಿಸಿದೆ. ಶನಿವಾರ ಸಂಜೆ, ಸ್ವಹಸ್ತದಿಂದ ಬರೆದ ಪ್ರಕಟಣೆಯನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸುತ್ತಿದ್ದಾಗ ಕಸ್ತೂರಿ ಹೊರಗೆ ಬಂದು ಗಾಬರಿಯಾದಳು.

"ಸರ್, ಎಲ್ಲಾ ಸೋಮಾರನ ಹಾಕೀರಲ್ರಿ! ಸೋಮಾರಂದ್ರ..."

"ಎತ್ತು ಹೂಡಂಗಿಲ್ಲ. ಗೊತ್ತೈತಿ."

"ಎತ್ತಿಂದಲ್ರಿ ಸರ್..."

ಎತ್ತು ಮತ್ತು ಸೋಮವಾರದ ಸಂಬಂಧವನ್ನು ನಾನು ಅರ್ಧ ತಾಸು ಸಪ್ರಮಾಣವಾಗಿ ವಿವರಿಸಿದೆ. ಅವಳು ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಮುಚ್ಚಿದಳು. ಕೊನೆಗೆ, "ಮ್ಯಾಲಿನವರ ಅಪ್ಪಣಿ ಬೇಕಾಕ್ಕೈತಲ್ರಿ?" ಎಂದಳು.

"ಅದೆಲ್ಲದರ ಹೊಣಿ ನಂದು!" ಎಂದೆ. ಎಂತಹ ಗಾಂಭೀರ್ಯ! ಯಾವುದರ ಅಪ್ಪಣೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ.

ಸೋಮವಾರ ಹನ್ನೊಂದಕ್ಕೆ ನಾನೂ ಸುಶೀಲಾಳೂ ಹೋದಾಗ ಅಂಗಳದ ತುಂಬ ಜನ. ಅಬ್ಬಿಗೇರಿಯ ಹೆಂಗಸರೇ ಒಂದು ಬಸ್ಸಿನಷ್ಟು. ಗಿರಿಜವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬಾಗಿಲೂ ಒಂದು ಆಭರಣ ತೊಟ್ಟಿತ್ತು: ಅಂಗೈಯಗಲದ ಬೀಗ!

ಕಸ್ತೂರಿಗೆ ಫೋನ್ ಮಾಡಿದೆ.

"ನಾ ಕೊಣ್ಣೂರಾಗ ಅವ್ವನ ಮನ್ಯಾಗ ಅದೀನ್ರಿ ಸರ್. ಸೋಮಾರ ಲೈಬ್ರರಿ ಸೂಟಿ ಅಲ್ರಿ! ಹೊಣಿ ನಂದು ಅಂದ್ರಲ್ಲ, ಅಪ್ಪಣಿ ತಗೊಂಡು ಇನ್ನೊಂದು ಕೀಲಿಕೈ ತರಿಸಿರಬೇಕು ಅಂದ್ಕೊಂಡೆ."

ನಾನು ಆ ಗ್ರಂಥಾಲಯದ ನಿತ್ಯದ ಓದುಗ. ಸೋಮವಾರ ಮಾತ್ರ ಶಾಸನ ನೋಡಲು ಸೂಡಿಗೆ ಹೋಗುವುದು ವರ್ಷಗಳ ಪರಿಪಾಠ. ಸೋಮವಾರವೇ ಏಕೆ ಹೋಗುತ್ತೇನೆ ಎಂಬ ಪ್ರಶ್ನೆ ಮಾತ್ರ ಈ ಸಂಶೋಧಕನಿಗೆ ಎಂದೂ ಹೊಳೆದಿರಲಿಲ್ಲ!

"ಪುಸ್ತಕ ಒಳಗ ಐತಿ, ವೈನಿ ಹೊರಗ ಅದಾಳ," ಎಂದಳು ಯಲ್ಲವ್ವ, ನಾಲ್ಕು ಜನಕ್ಕೆ ಕೇಳುವಂತೆ. "ಕೀಲಿ ಹಾಕಿದ ಪುಣ್ಯಾತ್ಮ ಯಾರೋ, ನಿನ್ನ ಮರ್ಯಾದಿ ಉಳಿಸಿದ ನೋಡು!"

ಹೆಂಗಸರು ನಕ್ಕರು. ಗಿರಿಜವ್ವನ ಮುಖ ಬಾಡಿತು. ಒಂದು ದಿನದ ಬಿಡುವು, ಬಸ್ಸು, ಹೊಸ ಸೀರೆ, ಎಲ್ಲಕ್ಕಿಂತ ಹೆಚ್ಚಾಗಿ ಓಣಿಯಲ್ಲಿ ತಲೆಯೆತ್ತಿ ನಡೆಯುವ ಅವಕಾಶ ನನ್ನ ಪಾಂಡಿತ್ಯಕ್ಕೆ ಬಲಿಯಾಗಿತ್ತು. ಪರಿಹಾರಾರ್ಥವಾಗಿ ಮುಂದೆ ಬಂದೆ: "ಹ್ಯಾಂಗೂ ಎಲ್ಲಾರೂ ಕೂಡೀರಿ, ನಾನ ಶಾಸನದ ಬಗ್ಗೆ ಎರಡು ಮಾತು..."

"ಬ್ಯಾಡ್ರೀ!" ಎಂದಿತು ಸಭೆ. ಅದರಲ್ಲಿ ಸುಶೀಲಾಳ ದನಿಯೇ ಗಟ್ಟಿಯಾಗಿತ್ತು.

ಗಿರಿಜವ್ವ ಸೆರಗು ಸಿಕ್ಕಿಸಿ ಮೆಟ್ಟಿಲೇರಿದಳು. ಬಾಗಿಲ ಮೇಲಿನ ತಗಡಿನ ಫಲಕಕ್ಕೆ ಬೆರಳು ಎತ್ತಿದಳು. "ಸಾ...ರ್ವ...ಜನಿಕ ಗ್ರಂ...ಥಾಲಯ. ವಾರದ ರಜೆ... ಸೋಮವಾರ."

ಎಂಟು ನೂರು ವರ್ಷದ ಸವೆದ ಕಲ್ಲನ್ನು ಓದುವ ನಾನು ದಿನವೂ ಅದರಡಿಯಲ್ಲೇ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದೆ!

"ಅದನ್ನೂ ಬಾಯಿಪಾಠ ಮಾಡಿರಬೇಕು. ಸಂತಿಗೆ ಬಂದಾಗೆಲ್ಲ ನೋಡ್ತಿದ್ದಿ," ಎಂದಳು ಯಲ್ಲವ್ವ.

ಗಿರಿಜವ್ವ ನನ್ನ ಪ್ರಕಟಣೆಯತ್ತ ತಿರುಗಿದಳು. "ಹಂಗಾದ್ರ ಇದನ್ನ ಓದ್ತೀನಿ. ಇದನ್ನ ಬರದ ದಿನಾ ತಳಗ ಹಾಕ್ಯಾರ ನೋಡು, ಶನಿವಾರ ಅಂತ. ಶನಿವಾರ, ರವಿವಾರ ಎರಡೂ ದಿನ ನಿನ್ನ ಜೋಡಿ ಹೊಲದಾಗ ಕಸಾ ಕಿತ್ತೀನಿ. ಬಾಯಿಪಾಠ ಯಾವಾಗ ಮಾಡ್ಲಿಬೇ?"

ಯಲ್ಲವ್ವ ಬಾಯಿ ಮುಚ್ಚಿದಳು. ನಾನು ತೆರೆದೆ. ತಿಥಿಯ ಆಧಾರದಿಂದ ಇಷ್ಟು ಸ್ವಚ್ಛವಾದ ವಾದವನ್ನು ನಾನು ಯಾವ ವಿಚಾರಸಂಕಿರಣದಲ್ಲಿಯೂ ಕೇಳಿರಲಿಲ್ಲ.

ಅವಳು ಓದತೊಡಗಿದಳು. ನಾಲ್ಕು ಕಾರ್ಯಕ್ರಮ, ನಾಲ್ಕು ಸೋಮವಾರ. ಪ್ರತಿ ಸೋಮವಾರಕ್ಕೂ ಸಭೆ ನಕ್ಕಿತು. ಕೊನೆಯ ಸಾಲಿಗೆ ಬಂದಾಗ ದನಿ ಪಳಗಿತ್ತು: "ಮೇಲ್ಕಾಣಿಸಿದ ದಿನಗಳನ್ನು ಕೂ...ಲಂ...ಕಷವಾಗಿ ಪರಿಶೀಲಿಸಿ, ಗ್ರಂಥಾಲಯಕ್ಕೆ ಅತ್ಯಂತ ಅನು...ಕೂಲ...ಕರವೆಂದು ನಿರ್ಣಯಿಸಿದವರು..."

"ಹೌದಬೇ ವೈನಿ, ನೀ ಖರೇನ ಓದ್ತಿ!" ಎಂದು ಯಲ್ಲವ್ವ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. "ಮುಂದ ಓದು, ನಿರ್ಣಯಿಸಿದಾವ್ರು ಯಾರಂತ?"

ಗಿರಿಜವ್ವ ಬೆರಳಿಟ್ಟು, ಒಂದೊಂದಾಗಿ, ನನ್ನ ಹೆಸರು, ನನ್ನ ತಂದೆಯ ಹೆಸರು, ಮನೆತನ, ಮೂರೂ ಪದವಿ, ನಿವೃತ್ತಿಪೂರ್ವ ಹುದ್ದೆ, ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಒಂದಕ್ಷರವನ್ನೂ ಬಿಡಲಿಲ್ಲ.

ಒಂದೆರಡನ್ನಾದರೂ ಬಿಡಬಹುದಿತ್ತು!