ಬೇಸಿಗೆ ಶಿಬಿರಕ್ಕೆ ಬಂದ ತವರಿನ ಸೀರೆ

ನಮ್ಮ ಮನೆಯ ತೀರ್ಮಾನಗಳು ನನಗೆ ಸುದ್ದಿಯಾಗಿ ಮಾತ್ರ ತಲುಪುತ್ತವೆ. ಬದುಕೆಲ್ಲ ಪತ್ರಿಕೆಯಲ್ಲಿ ದುಡಿದವನಿಗೆ ಇದರಲ್ಲಿ ಅವಮಾನವೇನಿಲ್ಲ. ಸುದ್ದಿ ತಡವಾಗಿ ತಲುಪುತ್ತದೆ ಎಂಬುದಷ್ಟೇ ನನ್ನ ದೂರು. ಮನೆ ಪಕ್ಕದ ನಮ್ಮ ಖಾಲಿ ಸೈಟಿನಲ್ಲಿ ಚರ್ಚಿನವರು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಾರೆ ಎಂದು ನನಗೆ ಗೊತ್ತಾದದ್ದು, ಶಾಮಿಯಾನದ ಸಿದ್ದಾರೂಢ ಬೆಳಿಗ್ಗೆ ಬಂದು ಗೂಟ ಹೊಡೆಯಲು ನನ್ನ ಹತ್ತಿರವೇ ಸುತ್ತಿಗೆ ಕೇಳಿದಾಗ.

ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ.

"ಸೌಮ್ಯ, ಅಮ್ಮ ಈ ಸ್ಥಿತೀಲಿ ಮಲಗಿದ್ದಾರೆ. ಕಿಟಕಿ ಪಕ್ಕದಲ್ಲೇ ಮಕ್ಕಳ ಗಲಾಟೆನಾ?"

"ಅತ್ತೆನೇ ಹೂಂ ಅಂದ್ರು."

"ನನಗೆ ಯಾರೂ ಹೇಳಲಿಲ್ಲ."

"ಹೇಳಿದ್ರೆ ಬೇಡ ಅಂತಿದ್ರಿ. ಆಮೇಲೆ ಹೂಂ ಅಂತಿದ್ರಿ. ಟೈಮ್ ವೇಸ್ಟು."

ಸೌಮ್ಯ ಟೀಚರು. ಅವಳ ಜೊತೆ ಕೆಲಸ ಮಾಡುವ ಪ್ರಫುಲ್ಲಾ ಮೇಡಂ ಚರ್ಚಿನ ಸೇವಾ ತಂಡದ ಮುಖ್ಯಸ್ಥೆ. ಪ್ರತಿ ಮೇ ತಿಂಗಳು ಬಡಾವಣೆಯ ಮಕ್ಕಳನ್ನು ಸೇರಿಸಿ ಹಾಡು, ಕತೆ, ಕಾಗದ ಕತ್ತರಿಸುವುದು, ಮಧ್ಯಾಹ್ನ ಚಿತ್ರಾನ್ನ. ಈ ಸಲ ಚರ್ಚಿನ ಹಾಲ್‌ಗೆ ಹೊಸ ಚಾವಣಿ ಹಾಕುತ್ತಿದ್ದರು. ಉತ್ತರಹಳ್ಳಿಯಲ್ಲಿ ಅಪಾರ್ಟ್‌ಮೆಂಟ್ ಏಳದೆ ಉಳಿದಿರುವ ಜಾಗ ನಮ್ಮದೊಂದೇ. ನಮ್ಮಪ್ಪ ಬೋರಣ್ಣ ಅಲ್ಲಿ ಕೊನೆಯವರೆಗೂ ರಾಗಿ ಬೆಳೆದಿದ್ದ.

ಅಮ್ಮನ ವಿಷಯ ಹೇಳಬೇಕು. "ಮನೆಗೆ ಕರ್ಕೊಂಡು ಹೋಗಿ" ಎನ್ನುವಾಗ ಡಾಕ್ಟರುಗಳ ದನಿ ಮೆತ್ತಗಾಗುತ್ತದೆ. ಆ ದನಿಯನ್ನು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ, ಯುಗಾದಿಯ ಮರುವಾರ ಅದು ನನ್ನ ಕಡೆಗೇ ತಿರುಗಿತು. ಅಂದಿನಿಂದ ಅಮ್ಮ ಮುಂದಿನ ಕೋಣೆಯ ಮಂಚದಲ್ಲಿ ಗಂಜಿಯ ಮೇಲಿದ್ದಳು, ಅದೂ ಸೌಮ್ಯ ಗದರಿಸಿದರೆ ಮಾತ್ರ. ಸಾವಿನ ಭಯ ಅವಳಿಗಿರಲಿಲ್ಲ. ಅವಳ ಚಿಂತೆ ಒಂದು ಸೀರೆಯದು.

ನಮ್ಮ ಕಡೆ ಹೆಣ್ಣುಮಗಳು ಸತ್ತರೆ ಅವಳ ಮೈಮೇಲೆ ಕೊನೆಗೆ ಹೊದಿಸುವುದು ತವರಿನ ಸೀರೆ. ಗಂಡ ಮಕ್ಕಳು ರೇಷ್ಮೆಯೇ ತಂದರೂ ಅದು ಲೆಕ್ಕಕ್ಕಿಲ್ಲ. ಅಮ್ಮನ ತವರೆಂದು ಈಗ ಉಳಿದಿರುವುದು ಒಬ್ಬನೇ, ಬೇಗೂರಿನ ತಮ್ಮ ಹನುಮಯ್ಯ. ನಮ್ಮಪ್ಪನ ತಿಥಿಯ ದಿನ ಅಡಿಗೆಯವರ ಅಂದಾಜು ತಪ್ಪಿ, ಹನುಮಯ್ಯ ಮಾವ ಕೂತ ಪಂಕ್ತಿಗೆ ಬರುವಷ್ಟರಲ್ಲಿ ಮಟನ್ ಮುಗಿದು, ಅವರ ಮುದ್ದೆಯ ಪಕ್ಕಕ್ಕೆ ಬಿದ್ದದ್ದು ತಿಳಿ ಸಾರು ಮತ್ತು ಒಂದು ಮೂಳೆ. ಹೆಣ್ಣು ಕೊಟ್ಟ ಮನೆಯವರಿಗೆ ಮೂಳೆ. ಮಾವ ಎಲೆ ಬಿಟ್ಟು ಎದ್ದರು. "ಅಕ್ಕ, ಇನ್ನು ಈ ಹೊಸ್ತಿಲು ತುಳಿದ್ರೆ ನಿನ್ನ ಹೆಣ ನೋಡೋಕೇ" ಎಂದು ಊರ ಮುಂದೆ ಹೇಳಿ ಹೋದವರು ಮತ್ತೆ ಬರಲಿಲ್ಲ.

ಅಮ್ಮನಿಗೆ ಹುಷಾರಿಲ್ಲವೆಂದು ನಾನು ಬೇಗೂರಿಗೆ ಹೋಗಿ ಕಾಲು ಹಿಡಿದದ್ದೂ ಆಯಿತು. ಮಾವ ಕಾಫಿ ಕೊಡಿಸಿ, ಬಹಳ ಸಮಾಧಾನದಿಂದ, "ಆದ್ಮೇಲೆ ಹೇಳಿಕಳ್ಸು. ಸೀರೆ ತರ್ತೀನಿ. ಆಡಿದ ಮಾತು ಮಾತೇ" ಎಂದರು.

ಇದನ್ನು ಅಮ್ಮನಿಗೆ ಒಪ್ಪಿಸಿದಾಗ ಅವಳು ಸೂರು ನೋಡುತ್ತಾ ಹೇಳಿದಳು: "ಸತ್ತ ಮೇಲೆ ಅವನು ತಂದ್ನೋ ಇಲ್ವೋ, ನಾನು ಎದ್ದು ನೋಡ್ತೀನಾ?"

ಅದಕ್ಕೆ ಉತ್ತರ ಬಂದದ್ದು ಸಿದ್ದಾರೂಢನ ಶಾಮಿಯಾನದ ರೂಪದಲ್ಲಿ.

ಬೆಂಗಳೂರಿನಲ್ಲಿ ಮನೆಯ ಮಗ್ಗುಲಲ್ಲಿ ನೀಲಿ ಶಾಮಿಯಾನ ಎದ್ದು, ಕೆಳಗೆ ಪ್ಲಾಸ್ಟಿಕ್ ಕುರ್ಚಿ ಸಾಲುಗಟ್ಟಿ, ಬಾಗಿಲಿಗೆ ಮಾವಿನ ತೋರಣ ಇಲ್ಲದಿದ್ದರೆ ಅದಕ್ಕೆ ಒಂದೇ ಅರ್ಥ. ಸೇವಾ ತಂಡದವರೆಲ್ಲ ಬಿಳಿ ಟೀ ಶರ್ಟು ತೊಟ್ಟಿದ್ದರು. ಒಬ್ಬ ಯುವಕ ಹಾಡಿಗೆ ತಾಳ ಕಟ್ಟಲು ಡ್ರಮ್ ಬಾರಿಸಿ ನೋಡುತ್ತಿದ್ದ. ಹೂ ಮಾರುವ ಮಂಗಮ್ಮ ರಸ್ತೆಯ ತಿರುವಿನಿಂದ ಒಂದು ದಪ್ಪ ಹಾರ ಹಿಡಿದು ಬಂದು ನನ್ನ ಮುಂದೆ ನಿಂತಳು. ಕಣ್ಣಲ್ಲಿ ಆಗಲೇ ನೀರು.

"ಯಾವಾಗ ಹೋದ್ರಣ್ಣ ಅವ್ವ?"

ಎರಡು ಕಡೆ ಖಚಿತವಾಗದ ಸುದ್ದಿಯನ್ನು ಮುಟ್ಟದವನು ನಾನು. ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು: ಮಂಗಮ್ಮನ ಅಕ್ಕನನ್ನು ಕೊಟ್ಟಿರುವುದು ಬೇಗೂರಿಗೆ. ಆ ಅಕ್ಕ ತಂಗಿಯರ ನಡುವೆ ಸುದ್ದಿ ಓಡುವ ವೇಗ ನಮ್ಮ ಪತ್ರಿಕೆಗೆ ಯಾವ ಕಾಲಕ್ಕೂ ದಕ್ಕಿರಲಿಲ್ಲ.

"ಏನ್ ಹೇಳ್ಲಿ ಮಂಗಮ್ಮ" ಎಂದು ಉಸಿರುಬಿಟ್ಟು ಆಕಾಶ ನೋಡಿದೆ. (ಇದು ಸುಳ್ಳಲ್ಲ. ನಮ್ಮ ಕಸುಬಿನಲ್ಲಿ ಇದನ್ನು 'ಪ್ರತಿಕ್ರಿಯೆ ನೀಡಲು ನಿರಾಕರಿಸಿದರು' ಎನ್ನುತ್ತೇವೆ.) ಮಂಗಮ್ಮ ಹಾರವನ್ನು ನನ್ನ ಕೈಗೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಕೈಯಲ್ಲಿ ಆಗಲೇ ಫೋನ್ ತೆಗೆದಳು.

ನನ್ನ ಯೋಜನೆಯಲ್ಲಿ ಲೋಪವಿರಲಿಲ್ಲ. ಮಾವ ಬರುತ್ತಾರೆ, ಹೊಸ್ತಿಲು ದಾಟುತ್ತಾರೆ, ಮಂಚದ ಮೇಲೆ ಕ್ಷೀಣಳಾದ ಅಕ್ಕನನ್ನು ಕಂಡು ಕರಗುತ್ತಾರೆ. ಅಮ್ಮ ಮಂಚದಲ್ಲೇ ಇರಬೇಕು, ಅಷ್ಟೇ. ಶಿಬಿರ ಶುರುವಾಗುತ್ತಿದ್ದಂತೆ ಸೌಮ್ಯ ನನ್ನನ್ನು ಅಡಿಗೆಮನೆಯಲ್ಲಿ ಸೌತೆಕಾಯಿ ಹೆಚ್ಚಲು ಕೂರಿಸಿದಳು. ಸೌತೆಕಾಯಿ ಮುಗಿಸಿ ಹೊರಗೆ ಬಂದಾಗ ಮಂಚ ಖಾಲಿ.

ಮಕ್ಕಳನ್ನು ನೋಡಬೇಕೆಂದು ಅಮ್ಮ ಕೇಳಿದ್ದಳಂತೆ. ತಂಡದವರು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಶಾಮಿಯಾನದ ನಡುವೆ ಕೂರಿಸಿದ್ದರು. ತಲೆಗೆ ಮಕ್ಕಳು ಬಂಗಾರದ ಕಾಗದದ ಕಿರೀಟ ತೊಡಿಸಿದ್ದರು. ಪ್ರಫುಲ್ಲಾ ಮೇಡಂ ಕೈ ಎತ್ತಿ ಇಳಿಸುವ ಹಾಡು ಹೇಳಿಕೊಡುತ್ತಿದ್ದರು.

"ಅಮ್ಮ, ಒಳಗೆ ಬಾ. ಬಿಸಿಲು."

"ಶಾಮಿಯಾನ ಇದೆ."

"ಜನ ಏನಂತಾರೆ, ಚರ್ಚಿನವರ ಜೊತೆ..."

"ಈ ವಯಸ್ಸಲ್ಲಿ ನನ್ನನ್ನ ಯಾವ ದೇವ್ರೂ ಹೊಸದಾಗಿ ಸೇರಿಸ್ಕೊಳಲ್ಲ ಕಣೋ ಸೀನ. ಹೋಗು, ಮಕ್ಕಳಿಗೆ ಸೌತೆಕಾಯಿ ಕೊಡು."

ಆಗ ಆಟೋ ನಿಂತಿತು.

ಹನುಮಯ್ಯ ಮಾವ ಇಳಿದರು. ಕಂಕುಳಲ್ಲಿ ಸೀರೆಯ ಕವರು. ಅವರು ತಲೆ ಎತ್ತಿ ನೋಡಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಬರುವವರು ಗೇಟಿನಿಂದಲೇ ಶುರುಮಾಡುತ್ತಾರೆ. ಎರಡೂ ಕೈ ಮೇಲೆತ್ತಿ, "ಅಕ್ಕಯ್ಯಾ, ನನ್ನ ಬಿಟ್ಟು ಹೋದ್ಯಾ" ಎಂದು ಎದೆ ಒಡೆಯುವಂತೆ ಕೂಗಿದರು. ಇದು ಹಾಡಿನ ಮುಂದಿನ ಸಾಲೆಂದು ತಿಳಿದ ಮಕ್ಕಳು ಒಟ್ಟಿಗೆ ಕೈ ಮೇಲೆತ್ತಿ, "ಅಕ್ಕಯ್ಯಾ, ನನ್ನ ಬಿಟ್ಟು ಹೋದ್ಯಾ" ಎಂದು ರಾಗವಾಗಿ ಹೇಳಿದರು. ಡ್ರಮ್ಮಿನವನು ತಾಳ ತಪ್ಪಲಿಲ್ಲ.

ಮಾವ ಕೈ ಇಳಿಸಿದರು. ಮಕ್ಕಳೂ ಇಳಿಸಿದರು. ನಡುವೆ ಕಿರೀಟ ತೊಟ್ಟ ಅಕ್ಕ.

"ಬದುಕಿದ್ದೀಯಾ?" ಎಂದರು ಮಾವ.

"ಬೇಜಾರಾಯ್ತಾ?"

"ಹೆಣ ನೋಡೋಕೆ ಅಂತ ಬಂದೆ."

"ಬಂದ್ಯಲ್ಲ, ಕೂತ್ಕೋ. ಸೀರೆ ತಂದ್ಯಾ?"

ಮಾವ ಕವರು ಕೊಟ್ಟರು. ಅಮ್ಮ ಸೀರೆ ಬಿಚ್ಚಿ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಬಿಳಿ ಹತ್ತಿ, ನೀಲಿ ಅಂಚು.

"ಅಂಚು ಕಿರಿದಾಯ್ತು."

"ಮಣ್ಣಿಗೆ ಹೋಗೋ ಸೀರೆಗೆ ಎಷ್ಟು ಅಂಚು ಬೇಕಕ್ಕ ನಿಂಗೆ?"

ಅಮ್ಮ ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮಾವ ಟವೆಲಿನಿಂದ ಮುಖ ಒರೆಸಿಕೊಂಡು, "ಸತ್ತಳು ಅಂತ ಹೇಳಿದೋನು ಯಾವನು?" ಎಂದರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಒಂದು ಕೈಯಲ್ಲಿ ಸೌತೆಕಾಯಿ ತಟ್ಟೆಯೂ ಮೊಣಕೈಯಲ್ಲಿ ಮಂಗಮ್ಮನ ಹಾರವೂ ಇದ್ದದ್ದರಿಂದ ನಿರಾಕರಿಸುವ ದಾರಿ ಇರಲಿಲ್ಲ.

"ರೀ, ಹೆತ್ತ ತಾಯಿನ ಸಾಯಿಸಿದ್ರಾ?" ಎಂದಳು ಸೌಮ್ಯ. ಪ್ರಫುಲ್ಲಾ ಮೇಡಂ ಮಕ್ಕಳಿಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ಹೇಳಿದರು. ಪ್ರಾರ್ಥನೆ ನನಗೋಸ್ಕರ ಎಂದು ನನ್ನ ಅನುಮಾನ.

ಅಮ್ಮ ಮಾತ್ರ, "ಮಟನ್ ತರ್ಸು ಸೌಮ್ಯ. ಅವತ್ತಿನದು ಬಾಕಿ ಇದೆ" ಎಂದಳು. ತರಲು ಹೋದವನು ನಾನು. ಆ ಮಧ್ಯಾಹ್ನ ಮೊದಲ ತುಂಡುಗಳೆಲ್ಲ ಹನುಮಯ್ಯ ಮಾವನ ತಟ್ಟೆಗೆ ಬಿದ್ದವು. ಅಮ್ಮನೂ ಎದುರಿಗೆ ಕೂತು, ಗದರಿಸುವವರಿಲ್ಲದೆಯೇ ಮೆತ್ತಗಿನ ಮುದ್ದೆ ಉಂಡಳು. ಹೊರಡುವಾಗ ಮಾವ ನನ್ನ ಭುಜ ತಟ್ಟಿದರು.

"ಅಳಿಯ, ಚೆನ್ನಾಗಿ ಆಟ ಆಡಿಸ್ದೆ. ಇರ್ಲಿ. ನಿಂಗೂ ಒಂದಿನ ಹಿಂಗೇ ಮಾಡ್ತೀನಿ."

ಶಿಬಿರದ ಕೊನೆಯ ದಿನ ಮಕ್ಕಳ ನಾಟಕವಿತ್ತು. ನನಗೆ ರಾಜನ ಪಾತ್ರ. ಮಾತಿಲ್ಲ, ಕಿರೀಟ ಹಾಕಿಕೊಂಡು ಕೂರಬೇಕು. (ಮನೆಯಲ್ಲಿ ನನ್ನ ಸ್ಥಾನವನ್ನು ಬಲ್ಲವರೇ ಪಾತ್ರ ಹಂಚಿದ್ದರು.) ಕಿರೀಟ ತೊಡುತ್ತಿದ್ದಾಗ ಫೋನ್ ಬಂತು. ಬೇಗೂರಿನಿಂದ ಮಾವನ ಮೊಮ್ಮಗಳು ಪ್ರಕೃತಿ.

"ಅಂಕಲ್, ತಾತ ಹೋಗ್ಬಿಟ್ರು. ಬೆಳಿಗ್ಗೆ ಕಾಫಿ ಕುಡೀತಾ ಹಂಗೇ..."

ನಾನು ನಕ್ಕೆ. ಅದನ್ನು ಮರೆಮಾಚಿ ಬರೆಯಬಹುದಿತ್ತು, ಆದರೆ ನಕ್ಕೆ.

"ಚೆನ್ನಾಗಿ ಅಳ್ತೀಯಮ್ಮ. ಫೋನ್ ತಾತನ ಕೈಗೆ ಕೊಡು."

ಆ ಕಡೆಯಿಂದ ಫೋನ್ ಕಟ್ಟಾಯಿತು.

ಅಮ್ಮನಿಗೆ ಹೇಳಿದೆ: ಮಾವ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ಅಲ್ಲಿ ಹೋದರೆ ಬಾಗಿಲಲ್ಲೇ ಕೂತು ನಗುತ್ತಾರೆ. ಅಮ್ಮ ನಗಲಿಲ್ಲ.

"ಮೇಡಂ, ನಿಮ್ಮ ವ್ಯಾನ್ ಬೇಗೂರಿಗೆ ಬರುತ್ತಾ?"

"ಬರುತ್ತೆ ಅಜ್ಜಿ" ಎಂದ ಪ್ರಫುಲ್ಲಾ ಮೇಡಂ ಬೇರೇನನ್ನೂ ಕೇಳಲಿಲ್ಲ.

"ಖಚಿತ ಆಗಲಿ ಅಮ್ಮ. ಇನ್ನೊಬ್ಬರನ್ನ ಕೇಳ್ತೀನಿ."

"ನೀನು ಕೇಳ್ತಿರು" ಎಂದಳು. ಸೌಮ್ಯ ಅವಳನ್ನು ವ್ಯಾನಿಗೆ ಹತ್ತಿಸಿ ತಾನೂ ಹತ್ತಿದಳು. ನಾನು ಬೇಗೂರಿನ ಪರಿಚಿತರಿಗೆಲ್ಲ ಫೋನ್ ಮಾಡುತ್ತಾ ಕೂತೆ. ಯಾರೂ ಎತ್ತಲಿಲ್ಲ. ಎಲ್ಲರೂ ಒಂದೇ ಅಂಗಳದಲ್ಲಿದ್ದರೆ ಫೋನ್ ಎತ್ತುವವರಿರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಎರಡನೆಯ ಮೂಲ ತಾನಾಗಿಯೇ ನಡೆದು ಬಂತು: ಸಿದ್ದಾರೂಢ, ಟೆಂಪೋ ಸಮೇತ.

"ಸಾರ್, ನಾಟಕ ನೆರಳಿಗೆ ಹಾಕ್ಕೊಳಿ. ಶಾಮಿಯಾನ ಬಿಚ್ತೀನಿ. ಬೇಗೂರಲ್ಲಿ ಒಂದು ಸಾವು, ಅರ್ಜೆಂಟು."

"ಯಾರು?"

"ಹನುಮಯ್ಯ ಅಂತೆ. ನಿಮ್ ಕಡೆಯವರಾ?"

ಮಕ್ಕಳ ತಲೆಯ ಮೇಲಿದ್ದ ನೀಲಿ ಬಟ್ಟೆ ಇಳಿಯಿತು. ಅದೇ ಬಟ್ಟೆಯ ಸುರುಳಿಗಳ ಮೇಲೆ ಕೂತು ನಾನು ಬೇಗೂರಿಗೆ ಹೋದೆ. ದಾರಿಯುದ್ದಕ್ಕೂ ಜನ ನನ್ನನ್ನು ಯಾಕೆ ದಿಟ್ಟಿಸುತ್ತಿದ್ದಾರೆಂದು ತಿಳಿಯಲಿಲ್ಲ.

ಮಾವನನ್ನು ಜಗುಲಿಯಲ್ಲಿ ಮಲಗಿಸಿದ್ದರು. ಅಮ್ಮ ತಲೆಯ ಬಳಿ ಕೂತು, ತಮ್ಮನ ಹಣೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಗೋಡೆಗೊರಗಿದ್ದ ಪ್ರಕೃತಿ ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಫೋನಿನಲ್ಲಿ ಹೇಳಿದ್ದು ಅಂಗಳಕ್ಕೆಲ್ಲ ಗೊತ್ತಾಗಿತ್ತೆಂದು ಜನ ದಾರಿ ಬಿಟ್ಟ ರೀತಿಯಲ್ಲೇ ತಿಳಿಯಿತು. ಹೋಗಿ ಮಾವನ ಕಾಲ ಬಳಿ ನಿಂತೆ. ಕಾಲು ಮುಟ್ಟಿದೆ, ತಣ್ಣಗಿತ್ತು.

"ಕಿರೀಟ ತೆಗಿ" ಎಂದಳು ಅಮ್ಮ.

ತೆಗೆದೆ. ಇಡಲು ಜಾಗ ಕಾಣದೆ ಕೈಯಲ್ಲೇ ಹಿಡಿದುಕೊಂಡೆ.

"ನನ್ನ ಸೀರೆಯೇನೋ ಬಂದಿದೆ. ದಿಂಬಿನ ಕೆಳಗಿದೆ, ಸೌಮ್ಯಂಗೆ ಗೊತ್ತು" ಎಂದು ಅಮ್ಮ ಅಂಗಳದ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಒಂದು ನೆನಪಿಟ್ಕೊಳಿ. ನಾನು ಹೋದಾಗ ಇವನಿಗೆ ಕೊನೇಲಿ ಹೇಳಿ. ಮೊದಲೇ ಹೇಳಿದ್ರೆ, ಫೋನ್ ಅಮ್ಮನ ಕೈಗೆ ಕೊಡು ಅಂತಾನೆ."

ಗೋಡೆಯ ಬಳಿ ಪ್ರಕೃತಿಯ ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡೆ. ಅದೂ ತಪ್ಪು ಸುದ್ದಿ.