ನಾಲ್ಕು ಬಿಲ್ಲೆ ತಿರುವಿದವನ ಅಹವಾಲು

ಡಬ್ಲಿನ್, ಕ್ಯಾಲಿಫೋರ್ನಿಯಾ
ಜುಲೈ ತಿಂಗಳ ಮೊದಲ ಭಾನುವಾರ

ಶ್ರೀಯುತ ಹಾಜರಿ ಹಲಗೆಯವರಿಗೆ,
‘ಪೇಷೆನ್ಸ್’ ಎಂಬ ಪುಟ್ಟ ಹಡಗು, ಹತ್ತುವ ಏಣಿಯ ಎಡಗಡೆಯ ಗೋಡೆ,
ಚೆಸಪೀಕ್ ಕೊಲ್ಲಿ.

ಮಾನ್ಯರೇ,

ತೇಗದ ಮರದ ಮೈ, ಹಿತ್ತಾಳೆಯ ತೊಂಬತ್ತೆರಡು ಕೊಕ್ಕೆ, ಎರಡು ಹೊತ್ತೂ ಒರೆಸಿಸಿಕೊಳ್ಳುವ ಭಾಗ್ಯ, ಇಷ್ಟೆಲ್ಲ ಇದ್ದೂ ಒಂದಿಷ್ಟೂ ಜಂಬವಿಲ್ಲದೆ ಗೋಡೆಗೆ ಒರಗಿ ನಿಂತಿರುವ ತಮಗೆ ನಾಗಾರ್ಜುನ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಮಂಡ್ಯ ಜಿಲ್ಲೆಯವನು, ಹದಿನಾಲ್ಕು ವರ್ಷಗಳಿಂದ ಬೇ ಏರಿಯಾದಲ್ಲಿದ್ದೇನೆ, ಕಂಪ್ಯೂಟರುಗಳು ಒಂದಕ್ಕೊಂದು ಸುಳ್ಳು ಮಾಹಿತಿ ಕೊಡದಂತೆ ಕಾಯುವುದು ನನ್ನ ವೃತ್ತಿ. ಕಳೆದ ತಿಂಗಳು ತಮ್ಮ ಹಡಗಿನಲ್ಲಿ ಏಳು ದಿನ ಪ್ರಯಾಣ ಮಾಡಿದ, ಮೂವತ್ತೊಂದರಿಂದ ಮೂವತ್ತನಾಲ್ಕನೇ ನಂಬರಿನವರೆಗಿನ ಕುಟುಂಬದ ಯಜಮಾನ. ಹಡಗಿನ ಕಂಪನಿಗೆ ಬರೆಯದೆ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಂಪನಿಗೆ ಬರೆದರೆ ಅವರು ತಿರುಗಿ ಪ್ರಶ್ನೆ ಕೇಳುತ್ತಾರೆ, ತಾವು ಕೇಳುವುದಿಲ್ಲ. ತಾವು ಕೇಳುವುದಿಲ್ಲ ಎಂಬುದೇ ನನ್ನ ದೂರು. ತಾವು ಎಲ್ಲರೆದುರು ಸಾರ್ವಜನಿಕವಾಗಿ ನೇತಾಡುವವರಾದ್ದರಿಂದ ಪತ್ರವನ್ನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮ ಕಾರ್ಯವೈಖರಿಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಒಬ್ಬೊಬ್ಬ ಪ್ರಯಾಣಿಕನಿಗೂ ತಮ್ಮ ಮೈಮೇಲೆ ಒಂದೊಂದು ದುಂಡನೆಯ ಬಿಲ್ಲೆ ನೇತಾಡುತ್ತದೆ, ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಹಸಿರು. ದಡಕ್ಕೆ ಇಳಿಯುವಾಗ ಕೆಂಪಿಗೆ ತಿರುವಬೇಕು, ಮರಳಿ ಹತ್ತಿದಾಗ ಹಸಿರಿಗೆ ತಿರುವಬೇಕು, ಎಲ್ಲವೂ ಹಸಿರಾದ ಮೇಲೆ ಹಡಗು ಹೊರಡುತ್ತದೆ. ಇಷ್ಟೇ. ಪಾಸ್‌ವರ್ಡಿಲ್ಲ, ಬೆರಳಚ್ಚಿಲ್ಲ, ಫೋನಿಗೆ ಆರಂಕಿಯ ಸಂಖ್ಯೆ ಬರುವುದಿಲ್ಲ. ನನ್ನ ಆಫೀಸಿನಲ್ಲಿ ಕಾಫಿ ಯಂತ್ರಕ್ಕೂ ಗುರುತಿನ ಚೀಟಿ ತೋರಿಸಬೇಕಾದ ಈ ಕಾಲದಲ್ಲಿ, ಮನುಷ್ಯನ ಕೈಯನ್ನು ಇಷ್ಟು ಕಣ್ಣುಮುಚ್ಚಿ ನಂಬುವ ಮತ್ತೊಂದು ವಸ್ತುವನ್ನು ನಾನು ಕಂಡಿಲ್ಲ. ಮೊದಲ ದಿನವೇ ತಮಗೆ ಮನಸೋತೆ.

ನಾವು ತಮ್ಮ ಬಳಿಗೆ ಬಂದದ್ದು ನನ್ನ ಹೆಂಡತಿ ಸೌದಾಮಿನಿಯ ಒಂದು ಮಾತಿನಿಂದ. ನನ್ನ ತಾಯಿ ಗೌರಮ್ಮನವರು ನಮ್ಮ ಮನೆಗೆ ಬಂದು ಮೂರು ವರ್ಷವಾಗಿದೆ. “ಮೂರು ವರ್ಷದಲ್ಲಿ ಅತ್ತೆ ನೋಡಿರೋದು ಕಿಚನ್ನು, ನಮ್ಮ ಅಕ್ಷಯಾ ಸ್ಕೂಲಿನ ಗೇಟು, ಲಿವರ್‌ಮೋರ್ ದೇವಸ್ಥಾನ, ಅಷ್ಟೇ ಕಣ್ರೀ” ಎಂದಳು. ನನಗೆ ಚುರುಕ್ಕೆಂದಿತು. ಅದೇ ವಾರ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದ ಬಂದರು ಊರುಗಳನ್ನು ಪುಟ್ಟ ಹಡಗಿನಲ್ಲಿ, ಆರಾಮವಾಗಿ, ಒಂದೊಂದಾಗಿ ನೋಡಿ ಎಂದು. ಹೀಗಾಗಿ, ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಒಂದು ಕೊಲ್ಲಿ ಇದ್ದರೂ, ಐದು ಗಂಟೆ ವಿಮಾನದಲ್ಲಿ ಕುಳಿತು ಇನ್ನೊಂದು ಕೊಲ್ಲಿಗೆ ಬಂದು, ಫ್ರೀವೇನಲ್ಲಾದರೆ ನಲವತ್ತು ನಿಮಿಷ ಹಿಡಿಯುವ ಊರಿಗೆ ಹಡಗಿನಲ್ಲಿ ಹದಿನೈದು ಗಂಟೆ ತೇಲಿಕೊಂಡು ಹೋದೆವು. ಹಡಗಿನಲ್ಲೇ ಇದ್ದ ಇತಿಹಾಸಕಾರರು ದಿನಾ ಬೆಳಿಗ್ಗೆ ಭಾಷಣ ಮಾಡಿ, ಇನ್ನೂರೈವತ್ತು ವರ್ಷ ಹಳೆಯ ಇಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ಹಿಡಿದು ತೋರಿಸುತ್ತಿದ್ದರು. ಅಮ್ಮ ಅದನ್ನು ನೋಡಿ, “ನಮ್ಮ ಹಟ್ಟಿ ದನಿನ ಕೊಟ್ಟಿಗೆ ಗೋಡೆ ಇದಕ್ಕಿಂತ ಹಳೇದು, ಅದಕ್ಕೆ ಯಾರೂ ಭಾಸಣ ಮಾಡ್ನಿಲ್ಲ” ಎಂದರು. ಆದರೂ ಅಮೆರಿಕನ್ನರನ್ನು ಹಾಸ್ಯ ಮಾಡುವ ಯೋಗ್ಯತೆ ನನಗಿಲ್ಲ. ನಮ್ಮ ಬಡಾವಣೆಯಲ್ಲಿ ಅತ್ಯಂತ ಪುರಾತನವಾದದ್ದು ನಮ್ಮ ಗರಾಜಿನ ನೀರಿನ ಹೀಟರು.

ಈಗ ನನ್ನ ಬಗ್ಗೆ ಒಂದು ವಿಷಯ ತಿಳಿಸಬೇಕು. ನಮ್ಮ ಮನೆಯಲ್ಲಿ ಎಲ್ಲರ ಎಲ್ಲ ಕೆಲಸವನ್ನೂ ನಾನೇ ಒಟ್ಟಿಗೆ ಮುಗಿಸಿಬಿಡುತ್ತೇನೆ. ವಿಮಾನದ ಚೀಟಿಗಳು ನನ್ನ ಕೈಯಲ್ಲಿ, ಎಲ್ಲರ ಪಾಸ್‌ಪೋರ್ಟು ನನ್ನ ಬ್ಯಾಗಿನಲ್ಲಿ. ಡಾಕ್ಟರ ಕೋಣೆಯಲ್ಲಿ ಅಮ್ಮನ ಮಂಡಿ ಎಲ್ಲಿ ನೋಯುತ್ತದೆ ಎಂದು ಹೇಳುವವನೂ ನಾನೇ. ಅಮ್ಮನ ಫೋನು ಸಹ, ಎಲ್ಲಾದರೂ ಬೀಳಿಸಿಕೊಂಡಾರೆಂದು, ನನ್ನ ಬ್ಯಾಗಿನಲ್ಲೇ ಭದ್ರವಾಗಿರುತ್ತದೆ. ಇದನ್ನು ನಾನು ಜವಾಬ್ದಾರಿ ಎಂದು ಕರೆಯುತ್ತಿದ್ದೆ.

ನಾಲ್ಕನೆಯ ದಿನ ತಾವು ನಮ್ಮನ್ನು ಪೆನ್‌ರೋಸ್ ಲ್ಯಾಂಡಿಂಗ್ ಎಂಬ ಊರಿನಲ್ಲಿ ಇಳಿಸಿದಿರಿ. ಅಲ್ಲಿ ನೀರಿನ ದಂಡೆಯ ನಾಲ್ಕಾರು ಮನೆಗಳನ್ನು ಹದಿನೆಂಟನೇ ಶತಮಾನದಲ್ಲಿದ್ದಂತೆಯೇ ಇಟ್ಟಿದ್ದಾರೆ, ಆ ಕಾಲದ ಉಡುಪು ತೊಟ್ಟ ಜನ ಆ ಕಾಲದವರಂತೆಯೇ ಮಾತನಾಡುತ್ತಾ ಕೆಲಸ ಮಾಡಿ ತೋರಿಸುತ್ತಾರೆ. ಸಂಜೆ ಐದರವರೆಗೆ ಅವರಿಗೆ ಕರೆಂಟು ಗೊತ್ತಿಲ್ಲ, ಫೋನು ಗೊತ್ತಿಲ್ಲ, ಕ್ಯಾಲಿಫೋರ್ನಿಯಾ ಗೊತ್ತಿಲ್ಲ. ಅಲ್ಲೊಂದು ಅಡುಗೆಮನೆಯಲ್ಲಿ ಬಿಳಿ ಟೋಪಿಯ ಮಾರ್ತಾ ಎಂಬ ಹೆಂಗಸು ಸೌದೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಕೋಣೆ ತುಂಬ ಹೊಗೆ. ನಾವೆಲ್ಲ ಕೆಮ್ಮುತ್ತಾ ಫೋಟೋ ತೆಗೆದೆವು. ಅಮ್ಮ ಮಾತ್ರ ಸೆರಗು ಸಿಕ್ಕಿಸಿ, ನೋಡುಗರು ಒಳಗೆ ಬಾರದಂತೆ ಕಟ್ಟಿದ್ದ ಹಗ್ಗವನ್ನು ದಾಟಿ ಒಳಗೆ ಹೋಗಿ, ಹಸಿ ಸೌದೆಯನ್ನು ಎಳೆದು ಪಕ್ಕಕ್ಕಿಟ್ಟು, ಒಲೆಯ ಬೂದಿ ಬಾಚಿ ಗಾಳಿಗೆ ದಾರಿ ಮಾಡತೊಡಗಿದರು. ಮಾರ್ತಾ ತಡೆಯಲಿಲ್ಲ, ಯಾವ ಹಡಗಿನಲ್ಲಿ ಬಂದಿರಿ, ಯಾವ ದೇಶ, ಎಷ್ಟು ಮಕ್ಕಳು ಎಂದು ತನ್ನ ಪಾತ್ರಕ್ಕೆ ತಕ್ಕಂತೆ ವಿಚಾರಿಸತೊಡಗಿದಳು. ಮೂರೂವರೆಯಾಗಿತ್ತು. ನಾನು ಗಡಿಯಾರ ನೋಡಿಕೊಂಡು “ಬೇಗ ಬಾಮ್ಮ” ಎಂದು ಹೇಳಿ ಹೊರಟೆ, ತಿರುಗಿ ನೋಡಲಿಲ್ಲ. ಅಮ್ಮ ಯಾವಾಗಲೂ ಹತ್ತು ಹೆಜ್ಜೆ ಹಿಂದೆ ಬರುತ್ತಾರೆ, ಬರುತ್ತಲೇ ಇರುತ್ತಾರೆ, ಅದನ್ನು ನೋಡಿ ಖಾತ್ರಿ ಮಾಡಿಕೊಳ್ಳಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಏಣಿ ಹತ್ತಿ ತಮ್ಮೆದುರು ಬಂದು ನಿಂತೆ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು. ಒಂದೇ ಕೈಬೀಸಿಗೆ ನಾಲ್ಕನ್ನೂ ಹಸಿರಿಗೆ ತಿರುವಿದೆ. ಸೌದಾಮಿನಿ ಮತ್ತು ಒಂಬತ್ತು ವರ್ಷದ ಮಗಳು ಅಕ್ಷಯಾ ಆಗಿನ್ನೂ ಐಸ್‌ಕ್ರೀಮು ಹಿಡಿದು ಏಣಿಯ ಬುಡದಲ್ಲಿದ್ದರು. ತಾವು ಆಗ ಒಂದೇ ಒಂದು ಸಲ ಕೊಕ್ಕೆ ಅಲ್ಲಾಡಿಸಿ, “ಸ್ವಾಮೀ, ಬಂದಿರುವುದು ಒಬ್ಬರು, ಉಳಿದವರೆಲ್ಲಿ?” ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ, ತೊಂಬತ್ತೆರಡು ಹಸಿರು ಬಿಲ್ಲೆಗಳೊಡನೆ, ತೊಂಬತ್ತೊಂದು ಜನ ಹೊರಟೆವು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ತಾವು ಮರದವರಾದ್ದರಿಂದ ಬರೆಯುತ್ತೇನೆ. ಅಮ್ಮ ಇಲ್ಲ ಎಂಬುದು ನನಗೆ ಗೊತ್ತಾದದ್ದು ಮೂರು ಗಂಟೆಯ ಮೇಲೆ, ಊಟದ ಮೇಜಿನಲ್ಲಿ. ಸೌದಾಮಿನಿ ಅತ್ತೆ ಮಲಗಿದ್ದಾರೆಂದುಕೊಂಡಿದ್ದಳು, ಅಕ್ಷಯಾ ಅಜ್ಜಿ ಡೆಕ್ಕಿನ ಮೇಲಿದ್ದಾರೆಂದುಕೊಂಡಿದ್ದಳು, ನಾನು ಏನೂ ಅಂದುಕೊಂಡಿರಲಿಲ್ಲ. ಬೇಯಿಸಿದ ಆಲೂಗಡ್ಡೆ ಬಂತು. ನಾನು ಎಡಗೈ ಚಾಚಿದೆ, ಏಕೆಂದರೆ ಎಡಗೈ ಚಾಚಿದರೆ ಅಮ್ಮನ ಚೀಲದಿಂದ ಚಟ್ನಿಪುಡಿ ಡಬ್ಬಿ ಬರುತ್ತದೆ. ಬರಲಿಲ್ಲ. ಮಾನ್ಯರೇ, ನನಗೆ ತಾಯಿ ಇಲ್ಲವೆಂದು ಗೊತ್ತಾಗಲಿಲ್ಲ, ಚಟ್ನಿಪುಡಿ ಇಲ್ಲವೆಂದು ಗೊತ್ತಾಯಿತು.

ಕ್ಯಾಪ್ಟನ್ ಓಡಿಬಂದರು. ಬಂದವರು ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ತಮ್ಮ ಮುಖ ನೋಡಿದರು. ಅಮ್ಮನ ಮೂವತ್ತನಾಲ್ಕನೇ ಬಿಲ್ಲೆ ಹಸಿರು. ಅಂದರೆ ಆಕೆ ಹಡಗು ಹತ್ತಿದ್ದಾರೆ. ಹತ್ತಿದವರು ಹಡಗಿನಲ್ಲಿಲ್ಲವಾದರೆ ಇನ್ನೆಲ್ಲಿರಬೇಕು ಎಂಬುದಕ್ಕೆ ಕೊಲ್ಲಿಯಲ್ಲಿ ಒಂದೇ ಉತ್ತರವಿದೆ. ಹಡಗು ನಿಂತಿತು, ಗಂಟೆ ಬಾರಿಸಿತು, ಎರಡು ದೋಣಿಗಳು ನೀರಿಗಿಳಿದವು. ಹಕ್ಕಿ ನೋಡಲು ದುರ್ಬೀನು ತಂದಿದ್ದ ವೃದ್ಧ ದಂಪತಿಗಳೆಲ್ಲ ಕಟಕಟೆಗೆ ಸಾಲಾಗಿ ನಿಂತು, ಸಂಜೆ ಬಿಸಿಲಿನಲ್ಲಿ ಹೊಳೆಯುವ ನೀರಿನ ಮೇಲೆ ನನ್ನ ತಾಯಿಯ ನೀಲಿ ಸೀರೆಯನ್ನು ಹುಡುಕಿದರು. ಸೌದಾಮಿನಿ ಅಳುತ್ತಿದ್ದಳು. ನಾಲ್ಕೂ ಬಿಲ್ಲೆ ತಿರುವಿದ್ದು ನಾನೇ ಎಂಬ ಒಂದು ವಾಕ್ಯ ನನ್ನ ಗಂಟಲಿನಲ್ಲೇ ಇತ್ತು, ಹದಿನೆಂಟು ನಿಮಿಷ ಅಲ್ಲೇ ಇತ್ತು. ಹೇಳಿದರೆ ಅಮ್ಮ ದಡದಲ್ಲಿ ಜೀವಂತವಾಗಿದ್ದಾರೆ, ನಾನು ಎಲ್ಲರೆದುರು ಮೂರ್ಖ. ಹೇಳದಿದ್ದರೆ ನಾನು ಮರ್ಯಾದಸ್ಥ, ಅಮ್ಮ ನೀರಿನಲ್ಲಿ. ಇಷ್ಟು ಸುಲಭದ ಲೆಕ್ಕಕ್ಕೆ ಹದಿನೆಂಟು ನಿಮಿಷ ಹಿಡಿದ ಮಗನನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಕೊನೆಗೂ ಹೇಳಿದ್ದು ನಾನಲ್ಲ. ಅಕ್ಷಯಾ ಕ್ಯಾಪ್ಟನ್ನರ ತೋಳು ಜಗ್ಗಿ, ನನ್ನ ಕಡೆ ಬೆರಳು ಮಾಡಿ, “ಹಿ ಫ್ಲಿಪ್ಡ್ ಆಲ್ ಫೋರ್” ಎಂದಳು. ನಾಲ್ಕನ್ನೂ ಇವರೇ ತಿರುವಿದ್ದು ಎಂದು.

ಬಂದರಿನ ಆಫೀಸಿಗೆ ಫೋನು ಹೋಯಿತು, ಅಲ್ಲಿನವರು ಮಾರ್ತಾಳ ಅಡುಗೆಮನೆಗೆ ನಡೆದುಹೋಗಿ ಆಫೀಸಿನ ಫೋನನ್ನು ಅಮ್ಮನ ಕೈಗೆ ಕೊಟ್ಟರು. ನಾನು ಒಂದೇ ಉಸಿರಿನಲ್ಲಿ ಎಲ್ಲಿ ಹೋಗಿದ್ದೆ ಏನಾಯ್ತು ಎಂದು ಕೂಗಾಡಿದೆ. “ನಾನ್ ಇದ್ದಲ್ಲೇ ಇವ್ನಿ ಕಣಪ್ಪ, ಹೋಗಿದ್ದು ನೀವು” ಎಂದರು. ಆಮೇಲೆ, ಗಂಟೆ ಎಷ್ಟು ಎಂದು ಕೇಳಿದರು. ಏಳೂವರೆ ಎಂದೆ. “ಊಟದ ಹೊತ್ತು ಅನ್ನು” ಎಂದರು. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ನನಗೆ ಇಷ್ಟು ಅಳು ಬರುತ್ತಿರಲಿಲ್ಲ.

ಹಡಗನ್ನು ತಿರುಗಿಸುತ್ತೇವೆ ಎಂದರೆ ಅಮ್ಮ ಒಪ್ಪಲಿಲ್ಲ, ಒಲೆಯ ಮೇಲೆ ಸಾರಿದೆ, ರಾತ್ರಿ ಮಾರ್ತಾಳ ಜೊತೆಗೇ ಇರುತ್ತೇನೆ ಎಂದರು. ಮರುದಿನ ಮಧ್ಯಾಹ್ನ ಮುಂದಿನ ಬಂದರಿಗೆ ಮಾರ್ತಾ ತನ್ನ ಪಿಕಪ್ ಟ್ರಕ್ಕಿನಲ್ಲಿ, ಜೀನ್ಸ್ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಅವರನ್ನು ಕರೆತಂದಳು. ಅವರೆಲ್ಲ ವೇಷ ಹಾಕಿದವರು, ನಿಜವಾಗಿ ಅಲ್ಲಿ ವಾಸಿಸುವವರಲ್ಲ ಎಂದು ನಾನು ತಿಳಿಹೇಳಲು ಹೊರಟೆ. “ನಾಟ್ಕ ಅಂತ ಆಗ್ಲೇ ಗೊತ್ತಾಯ್ತು, ಹೊಗೆ ಮಾತ್ರ ದಿಟವಾದ್ದೇ” ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದರು. ಹಿಂದಿನ ಸಂಜೆ ಮಾರ್ತಾ, ಅಮ್ಮನ ಮದುವೆ ಯಾವಾಗ ಆಯಿತು, ಗದ್ದೆ ಎಷ್ಟಿತ್ತು, ಗಂಡ ಹೇಗೆ ತೀರಿಕೊಂಡರು ಎಂಬುದನ್ನೆಲ್ಲ ಕೈಸನ್ನೆಯಲ್ಲಿ ಕೇಳಿ, ಅಮ್ಮ ಕನ್ನಡದಲ್ಲಿ ಹೇಳಿದ್ದನ್ನು ಕೊನೆಯವರೆಗೂ ಕೂತು ಕೇಳಿಸಿಕೊಂಡಳಂತೆ. ಒಂದು ಅಕ್ಷರ ಅರ್ಥವಾಗದೆ ಮೂರು ಗಂಟೆ ಕೇಳಿಸಿಕೊಂಡಳು. ಪ್ರತಿಯೊಂದು ಅಕ್ಷರವೂ ಅರ್ಥವಾಗುವ ನಾನು ಮೂರು ವರ್ಷದಲ್ಲಿ ಅಷ್ಟು ಹೊತ್ತು ಕೂತಿಲ್ಲ.

ಇಷ್ಟಾದ ಮೇಲೂ ತಪ್ಪು ತಮ್ಮದೇ ಎಂಬ ನನ್ನ ನಿಲುವು ಅಚಲವಾಗಿದೆ, ತಪ್ಪು ಯಾರದಾದರೂ ಆಗಲೇಬೇಕಲ್ಲ. ಆದ್ದರಿಂದ ತಾವು ದಯವಿಟ್ಟು ಒಂದು ಬಾಯಿ ಬೆಳೆಸಿಕೊಳ್ಳಬೇಕೆಂದು ಕೋರುತ್ತೇನೆ. ಗಂಡಸೊಬ್ಬ ಒಂದಕ್ಕಿಂತ ಹೆಚ್ಚು ಬಿಲ್ಲೆಗೆ ಕೈಯಿಟ್ಟರೆ ಆ ಬಾಯಿಂದ ಕಚ್ಚಬೇಕು. ರಕ್ತ ಬಂದರೂ ಪರವಾಗಿಲ್ಲ. ಕೆಂಪು ಹಸಿರಿನ ಜೊತೆಗೆ ಮೂರನೆಯ ಬಣ್ಣವೊಂದನ್ನೂ ಇಟ್ಟುಕೊಳ್ಳಬೇಕು, ಇದ್ದಾರೆಂದು ಎಲ್ಲರೂ ತಿಳಿದಿರುವ, ಆದರೆ ಯಾರೂ ನೋಡದಿರುವ ಪ್ರಯಾಣಿಕರಿಗಾಗಿ. ಮತ್ತು ಸಾಧ್ಯವಾದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಡಬ್ಲಿನ್ನಿಗೆ ಬಂದು, ನಮ್ಮ ಗರಾಜಿನ ಬಾಗಿಲ ಪಕ್ಕ ನೇತಾಡಬೇಕು. ದಿನಾ ಬೆಳಿಗ್ಗೆ ಏಳೂಕಾಲಿಗೆ ನಾನು ಮೀಟಿಂಗು ಕೇಳುತ್ತಾ ಆ ಬಾಗಿಲು ದಾಟುವಾಗ, ಒಳಗೆ ಒಬ್ಬರು ಇದ್ದಾರೆ, ಅವರಿಗೆ ಹೋಗಿ ಬರುತ್ತೇನೆಂದು ಹೇಳಿದೆಯಾ ಎಂದು ತಾವು ಕೇಳಬೇಕು.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಗೋಡೆಯ ಮೇಲಿನ ತಮ್ಮ ಮೌನ ಇನ್ನೂ ನೂರು ವರ್ಷ ಹೀಗೆಯೇ ಹೊಳೆಯುತ್ತಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ, ಆದರೆ ಇನ್ನು ಮುಂದೆ ತಮ್ಮ ಮೇಲೆ ವಿಶ್ವಾಸವಿಡದ,
ನಾಗಾರ್ಜುನ

ಬರೆದಾದ ಮೇಲೆ ನೆನಪಾದದ್ದು: ಸೆಪ್ಟೆಂಬರಿನಲ್ಲಿ ಪೆನ್‌ರೋಸ್ ಲ್ಯಾಂಡಿಂಗಿಗೆ ಹೋಗಲು ಅಮ್ಮ ಮತ್ತೊಮ್ಮೆ ತಮ್ಮ ಹಡಗಿಗೆ ಬರುತ್ತಿದ್ದಾರೆ, ಒಬ್ಬರೇ, ಫೋನನ್ನು ಸ್ವಂತ ಕೈಯಲ್ಲೇ ಹಿಡಿದುಕೊಂಡು. ನಿನ್ನೆ ಅದರ ಫಾರಂ ತುಂಬುತ್ತಿದ್ದೆವು. ಏನಾದರೂ ಅವಘಡವಾದರೆ ಯಾರಿಗೆ ತಿಳಿಸಬೇಕು ಎಂಬ ಕಡೆ ನಾನು ನನ್ನ ಹೆಸರು ಬರೆಯಲು ಹೋದಾಗ ಅಮ್ಮ ಪೆನ್ನು ತಡೆದು ಮಾರ್ತಾಳ ಹೆಸರು ಬರೆಸಿದರು. ಆಕೆ ಸಂಜೆ ಐದರವರೆಗೆ ಹದಿನೆಂಟನೇ ಶತಮಾನದಲ್ಲಿರುತ್ತಾಳೆ, ಫೋನು ಎತ್ತುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಎತ್ತದೇ ಇದ್ರೂ ಚಿಂತಿಲ್ಲ ಕಣಪ್ಪ” ಎಂದರು, “ನಾನು ಬರ್ನಿಲ್ಲ ಅಂದ್ರೆ ಅವಳಿಗೆ ಗೊತ್ತಾಯ್ತದೆ.”